ವಿಂಡೋಸ್ ಪಕ್ಕದಲ್ಲಿ ಲಿನಕ್ಸ್: ಕಲಬುರಗಿಯ ಜಾಬ್ ಟೈಪಿಂಗ್ ಅಂಗಡಿಯೊಂದರ ಪ್ರಕರಣ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಓಣಿಯೊಂದರಲ್ಲಿ ಜಾಬ್ ಟೈಪಿಂಗ್ ಮತ್ತು ಡಿಟಿಪಿ ಮಾಡುವ ಸಣ್ಣ ಅಂಗಡಿಯಿದೆ. ಅಲ್ಲಿನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದ ವಿಂಡೋಸ್ 10 ಅನ್ನು ಕದಲಿಸದೆ, ಅದೇ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸಿದ ಕೆಲಸದ ಪೂರ್ಣ ವಿವರವನ್ನು ಇಲ್ಲಿ ಕೊಡುತ್ತಿದ್ದೇನೆ. ವಕೀಲರ ದಾವೆ ಅರ್ಜಿಗಳು, ಪ್ರಮಾಣಪತ್ರಗಳು, ಬಾಂಡ್ ಕಾಗದದ ಮೇಲಿನ ಕರಾರುಪತ್ರಗಳು, ಕನ್ನಡ ಮತ್ತು ಉರ್ದು ಲಗ್ನಪತ್ರಿಕೆಗಳು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಈ ಅಂಗಡಿಯ ದಿನನಿತ್ಯದ ಕೆಲಸ. ನಗರದಲ್ಲಿ ಹೈಕೋರ್ಟಿನ ಪೀಠ ಇರುವುದರಿಂದ ಇಂಥ ಅಂಗಡಿಗಳಿಗೆ ಕೆಲಸದ ಕೊರತೆಯಿಲ್ಲ, ಯಂತ್ರ ಅರ್ಧ ದಿನ ನಿಂತರೂ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಯಂತ್ರದಲ್ಲಿ ಇಂಟೆಲ್‌ನ 6ನೇ ಪೀಳಿಗೆಯ ಐ3 ಪ್ರೊಸೆಸರ್, 8 ಜಿಬಿ ರ್ಯಾಮ್ ಮತ್ತು 1 ಟಿಬಿಯ ಒಂದೇ ಹಾರ್ಡ್‌ಡಿಸ್ಕ್ ಇದ್ದವು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಬಳಕೆದಾರರಿಗೆ ಭದ್ರತಾ ತಿದ್ದುಪಡಿಗಳನ್ನು ಇನ್ನೂ ಒಂದು ವರ್ಷ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತಾದರೂ ಅದು ಸ್ವಲ್ಪ ಕಾಲಾವಕಾಶವನ್ನಷ್ಟೇ ಕೊಡುತ್ತದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾಗುವುದರಿಂದ ಈ ಯಂತ್ರಕ್ಕೆ ಆ ದಾರಿ ಅಧಿಕೃತವಾಗಿ ಮುಚ್ಚಿತ್ತು. ಯಂತ್ರವಾದರೋ ಗಟ್ಟಿಯಾಗಿ ನಡೆಯುತ್ತಿತ್ತು. ಅದನ್ನು ಗುಜರಿಗೆ ಹಾಕುವ ಕಾರಣ ಮಾಲೀಕರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅವರು ಮೊದಲ ಭೇಟಿಯಲ್ಲಿಯೇ ತಮ್ಮ ಅಪೇಕ್ಷೆಯನ್ನು ಒಂದೇ ಮಾತಿನಲ್ಲಿ ಹೇಳಿದರು: "ಹಳೇದು ಹಾಂಗೇ ಇರ್ಲಿ ಸರ್, ಅದರ ಬಾಜೂಕ ಹೊಸಾದು ಹಾಕಿ ಕೊಡ್ರಿ."

ಹಳೆಯದು ಏಕೆ ಉಳಿಯಬೇಕಿತ್ತು

ಲಿನಕ್ಸ್ ಬಗ್ಗೆ ಉತ್ಸಾಹವಿರುವವರು ಇಂಥ ಸಂದರ್ಭದಲ್ಲಿ ವಿಂಡೋಸನ್ನು ಪೂರ್ತಿಯಾಗಿ ತೆಗೆದುಬಿಡುವಂತೆ ಸಲಹೆ ಕೊಡುವುದುಂಟು. ಮನೆಯಲ್ಲಿ ಬ್ರೌಸರ್ ಮತ್ತು ವಿಡಿಯೋಗಷ್ಟೇ ಬಳಸುವ ಯಂತ್ರವಾದರೆ ಆ ಸಲಹೆ ಸರಿಯಾದದ್ದೇ. ಆದರೆ ನಮ್ಮ ಭಾಗದ ಟೈಪಿಂಗ್ ಅಂಗಡಿಗೆ ಅದು ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಂಗಡಿಯ ಹಾರ್ಡ್‌ಡಿಸ್ಕಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕನ್ನಡ ದಾಖಲೆಗಳಿದ್ದವು, ಅವುಗಳಲ್ಲಿ ಬಹುಪಾಲು ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಇರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ಇಂಥ ಕಡತಗಳಲ್ಲಿ ನಿಜವಾಗಿ ಸಂಗ್ರಹವಾಗಿರುವುದು ಕನ್ನಡ ಅಕ್ಷರಗಳಲ್ಲ, ಕನ್ನಡದ ಆಕಾರ ತೊಟ್ಟ ಲ್ಯಾಟಿನ್ ಸಂಕೇತಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಇಂಥ ಕಡತವನ್ನು ತೆರೆದರೆ 'ಕನ್ನಡ' ಎಂಬ ಪದದ 'ಕ' ಇದ್ದಲ್ಲಿ ಇಂಗ್ಲಿಷಿನ 'ಪಿ', 'ನ' ಇದ್ದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ನಡುನಡುವೆ ತಲೆಯ ಮೇಲೆ ಗೆರೆಯುಳ್ಳ 'ಎ' ಕಾಣಿಸುತ್ತವೆ. ನುಡಿ ಫಾಂಟುಗಳನ್ನು ಲಿನಕ್ಸಿನಲ್ಲಿ ಹಾಕಿಕೊಂಡರೆ ಇವುಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಓದಬಹುದು ನಿಜ, ಆದರೆ ಅದೇ ಫಾಂಟಿನಲ್ಲಿ ತಿದ್ದಿ ಬರೆಯಲು ವಿಂಡೋಸಿನ ನುಡಿ ತಂತ್ರಾಂಶವೇ ಬೇಕು. ಐದು ವರ್ಷದ ಹಿಂದಿನ ಕ್ರಯಪತ್ರದ ನಮೂನೆಯನ್ನು ತೆರೆದು, ಹೆಸರು ಮತ್ತು ಸರ್ವೆ ನಂಬರ್ ಬದಲಿಸಿ, ಹತ್ತು ನಿಮಿಷದಲ್ಲಿ ಪ್ರಿಂಟ್ ತೆಗೆದುಕೊಡುವುದು ಈ ಅಂಗಡಿಯ ಬಂಡವಾಳವೇ ಆಗಿದೆ. ಅದರ ಮೇಲೆ, ಉರ್ದು ಲಗ್ನಪತ್ರಿಕೆಗಳಿಗೆ ಇನ್‌ಪೇಜ್, ಅಂಗಡಿಯ ಲೆಕ್ಕಕ್ಕೆ ಟ್ಯಾಲಿ. ಇವೆರಡೂ ವಿಂಡೋಸ್ ತಂತ್ರಾಂಶಗಳೇ.

ಹಾಗಾದರೆ ಲಿನಕ್ಸ್ ಯಾವುದಕ್ಕೆ? ಅಂತರಜಾಲದ ಕೆಲಸವನ್ನೆಲ್ಲ ಅಲ್ಲಿಗೆ ಸಾಗಿಸುವುದಕ್ಕೆ. ಬ್ಯಾಂಕಿನ ವ್ಯವಹಾರ, ಇಮೇಲ್, ವಿದ್ಯಾರ್ಥಿಗಳ ಅರ್ಜಿಗಳು, ಹೊಸದಾಗಿ ಟೈಪಾಗುವ ಯೂನಿಕೋಡ್ ದಾಖಲೆಗಳು, ಇವುಗಳ ಜೊತೆಗೆ ಗಿರಾಕಿಗಳು ತರುವ ಪೆನ್‌ಡ್ರೈವುಗಳು. ಈ ಕೊನೆಯದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಂಗಡಿಗೆ ಹೆಚ್ಚಿನ ಲಾಭವಾದದ್ದು ಅಲ್ಲಿಯೇ.

ಅರ್ಧಕ್ಕೆ ನಿಂತಿದ್ದ ಪ್ರಯತ್ನ

ನನ್ನನ್ನು ಕರೆಯುವ ಮೊದಲೇ ಮಾಲೀಕರ ಅಕ್ಕನ ಮಗ, ಡಿಪ್ಲೊಮಾ ಓದುತ್ತಿರುವ ಹುಡುಗ, ಒಂದು ಪ್ರಯತ್ನ ಮಾಡಿದ್ದ. ಅವನು ಮಾಡಿದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿಯನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದ್ದ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಕೊನೆಯ ಡ್ರೈವ್ ಆದ 'ಇ'ಯನ್ನು ಕುಗ್ಗಿಸಿ ಸುಮಾರು 120 ಜಿಬಿ ಜಾಗವನ್ನು ಖಾಲಿ ಮಾಡಿದ್ದ. ಆದರೆ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ ಸ್ಥಾಪನೆಗೆ ಹೋದಾಗ 'ವಿಂಡೋಸ್ ಜೊತೆಗೆ ಸ್ಥಾಪಿಸಿ' ಎಂಬ ಆಯ್ಕೆಯೇ ಪರದೆಯ ಮೇಲೆ ಬರಲಿಲ್ಲ. ಇದ್ದದ್ದು ಎರಡೇ: ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸುವುದು, ಇಲ್ಲವೇ ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕಿನ ಭಾಗಗಳನ್ನು, ಕೈಯಾರೆ ನಿರ್ಧರಿಸುವುದು. ಎರಡನೆಯದನ್ನು ತೆರೆದಾಗ ಅವನು ಖಾಲಿ ಮಾಡಿದ್ದ 120 ಜಿಬಿಯ ಎದುರಿಗೆ 'ಅನ್‌ಯೂಸಬಲ್' ಎಂದು ಬರೆದಿತ್ತು. ಖಾಲಿ ಜಾಗ ಕಣ್ಣಿಗೆ ಕಾಣುತ್ತಿದೆ, ಆದರೆ ಬಳಸಲು ಬರುವುದಿಲ್ಲ ಎಂದರೆ ಯಾರಿಗಾದರೂ ಗೊಂದಲವಾಗುತ್ತದೆ.

ಆಮೇಲೆ ಅವನು ವಿಂಡೋಸಿಗೆ ಮರಳಿ, ಆ ಖಾಲಿ ಜಾಗದಲ್ಲಿ ಹೊಸ ವಾಲ್ಯೂಮ್ (ಡ್ರೈವ್) ಮಾಡಲು ಹೋದ. ಡಿಸ್ಕನ್ನು 'ಡೈನಮಿಕ್ ಡಿಸ್ಕ್' ಆಗಿ ಬದಲಿಸಬೇಕಾಗುತ್ತದೆ, ಮುಂದುವರಿಯಲೇ ಎಂದು ವಿಂಡೋಸ್ ಕೇಳಿತು. ಹುಡುಗ ಅಲ್ಲಿ 'ಬೇಡ' ಎಂದು ಒತ್ತಿ ನಿಲ್ಲಿಸಿದ್ದು ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ನಿರ್ಧಾರ ಎಂದು ನಾನು ಭಾವಿಸುತ್ತೇನೆ. ಡೈನಮಿಕ್ ಡಿಸ್ಕ್ ಎಂಬುದು ವಿಂಡೋಸಿನದೇ ಆದ ಪ್ರತ್ಯೇಕ ವ್ಯವಸ್ಥೆ. ಒಮ್ಮೆ ಹಾಗೆ ಬದಲಾದರೆ ಲಿನಕ್ಸಿನ ಸ್ಥಾಪಕ ತಂತ್ರಾಂಶಕ್ಕೆ ಆ ಡಿಸ್ಕಿನ ಮೇಲೆ ಕೆಲಸ ಮಾಡುವುದು ಸಾಧ್ಯವಾಗುವುದಿಲ್ಲ, ಹಿಂದಕ್ಕೆ ತರಬೇಕೆಂದರೆ ಮೈಕ್ರೋಸಾಫ್ಟಿನ ಅಧಿಕೃತ ವಿಧಾನದಲ್ಲಿ ಎಲ್ಲ ವಾಲ್ಯೂಮುಗಳನ್ನೂ ಅಳಿಸಬೇಕಾಗುತ್ತದೆ.

ನಾಲ್ಕು ನಮೂದುಗಳ ಪಟ್ಟಿ

ಕಾರಣ ಡಿಸ್ಕಿನ ಪಾರ್ಟಿಷನ್ ಪಟ್ಟಿಯಲ್ಲಿತ್ತು. ವಿಂಡೋಸಿನ ಸಿಸ್ಟಂ ಇನ್ಫರ್ಮೇಷನ್ ಪುಟದಲ್ಲಿ 'ಬಯಾಸ್ ಮೋಡ್' (ಯಂತ್ರ ಚಾಲೂ ಆಗುವ ಪದ್ಧತಿ) ಎಂಬುದರ ಎದುರು 'ಲೆಗಸಿ', ಅಂದರೆ ಹಳೆಯದು, ಎಂದಿತ್ತು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕಿನ ಶೈಲಿ ಎಂಬಿಆರ್, ಅಂದರೆ ಪಾರ್ಟಿಷನ್‌ಗಳನ್ನು ದಾಖಲಿಸುವ ಹಳೆಯ ಪದ್ಧತಿ, ಎಂದಿತ್ತು. ಯಂತ್ರದ ಮದರ್‌ಬೋರ್ಡ್ ಯುಇಎಫ್‌ಐ ಎಂಬ ಹೊಸ ಚಾಲನಾ ಪದ್ಧತಿಯನ್ನು ಬಲ್ಲದ್ದೇ ಆದರೂ ಹಿಂದೆ ಯಾರೋ ವಿಂಡೋಸನ್ನು ಹಳೆಯ ಪದ್ಧತಿಯಲ್ಲಿ ಹಾಕಿದ್ದರು.

ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರಿನ (ಡಿಸ್ಕಿನ ಸಣ್ಣ ವಿಭಾಗ) 512 ಬೈಟುಗಳಲ್ಲಿ 446 ಬೈಟುಗಳು ಯಂತ್ರವನ್ನು ಚಾಲೂ ಮಾಡುವ ಸಂಕೇತಕ್ಕೆ, 64 ಬೈಟುಗಳು ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟುಗಳು ಗುರುತಿಗೆ ಮೀಸಲು. ಪ್ರತಿ ಪಾರ್ಟಿಷನ್‌ನ ನಮೂದಿಗೆ 16 ಬೈಟ್ ಬೇಕಾಗುವುದರಿಂದ 64 ಬೈಟುಗಳಲ್ಲಿ ನಾಲ್ಕೇ ನಮೂದುಗಳು ಹಿಡಿಯುತ್ತವೆ. ಈ ಡಿಸ್ಕಿನಲ್ಲಿ ಸುಮಾರು 500 ಎಂಬಿಯ 'ಸಿಸ್ಟಂ ರಿಸರ್ವ್ಡ್', 200 ಜಿಬಿಯ 'ಸಿ', 365 ಜಿಬಿಯ 'ಡಿ' ಮತ್ತು ಕುಗ್ಗಿಸುವ ಮೊದಲು ಅಷ್ಟೇ ಇದ್ದ 'ಇ', ಹೀಗೆ ನಾಲ್ಕೂ ಪ್ರೈಮರಿ, ಅಂದರೆ ಪಟ್ಟಿಯಲ್ಲಿ ನೇರವಾಗಿ ನಮೂದಾಗುವ, ಪಾರ್ಟಿಷನ್‌ಗಳಾಗಿದ್ದವು. ವಿಂಡೋಸ್ ಹಾಕುವಾಗ ಸೆಟಪ್ ಪರದೆಯಲ್ಲಿಯೇ ಎಲ್ಲ ಭಾಗಗಳನ್ನೂ ಮಾಡಿದರೆ ಸಾಮಾನ್ಯವಾಗಿ ಆಗುವುದು ಹೀಗೆಯೇ. ಪಟ್ಟಿ ಭರ್ತಿಯಾಗಿತ್ತು. ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿಯಿದ್ದರೂ ಅದಕ್ಕೆ ಹೆಸರು ಕೊಡಲು ಐದನೆಯ ನಮೂದು ಇರಲಿಲ್ಲ.

ಇದಕ್ಕೆ ಎಂಬಿಆರ್‌ನಲ್ಲಿಯೇ ಇರುವ ಪರಿಹಾರವೆಂದರೆ ನಾಲ್ಕರಲ್ಲಿ ಒಂದನ್ನು 'ಎಕ್ಸ್‌ಟೆಂಡೆಡ್' ಪಾರ್ಟಿಷನ್ ಮಾಡಿ ಅದರೊಳಗೆ ಬೇಕಾದಷ್ಟು 'ಲಾಜಿಕಲ್' ಪಾರ್ಟಿಷನ್‌ಗಳನ್ನು ಮಾಡಿಕೊಳ್ಳುವುದು. ಪಹಣಿಯಲ್ಲಿ ಒಂದೇ ಸರ್ವೆ ನಂಬರಿನಡಿ ಹಿಸ್ಸಾಗಳನ್ನು ಮಾಡಿದಂತೆ ಎಂದು ಹೇಳಿದಾಗ, ದಿನವೂ ಕ್ರಯಪತ್ರ ಟೈಪ್ ಮಾಡುವ ಮಾಲೀಕರಿಗೆ ವಿಷಯ ಕೂಡಲೇ ತಿಳಿಯಿತು.

ಮುಂದಿದ್ದ ದಾರಿಗಳು

ಮೊದಲನೆಯದು, ಪ್ರತ್ಯೇಕ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಹಾಕಿ ಲಿನಕ್ಸನ್ನು ಅದರಲ್ಲಿಯೇ ಇಡುವುದು. ಡೆಸ್ಕ್‌ಟಾಪಿನಲ್ಲಿ ಇದು ಎಲ್ಲಕ್ಕಿಂತ ಸ್ವಚ್ಛವಾದ ದಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕ್ಯಾಬಿನೆಟ್ಟಿನಲ್ಲಿ ಡಿಸ್ಕ್ ಜೋಡಿಸುವ ಖಾಲಿ ಸಾಟಾ ಪೋರ್ಟ್ ಇತ್ತು, ಲ್ಯಾಪ್‌ಟಾಪಿನಂತೆ ಜಾಗದ ಅಡಚಣೆ ಇರಲಿಲ್ಲ, ಸ್ಥಾಪನೆಯ ಹೊತ್ತಿಗೆ ವಿಂಡೋಸ್ ಡಿಸ್ಕಿನ ಕೇಬಲ್ಲನ್ನೇ ಬಿಚ್ಚಿಟ್ಟರೆ ಹಳೆಯದಕ್ಕೆ ಧಕ್ಕೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಮಾಲೀಕರ ಕೈಯಲ್ಲಿ ಆ ತಿಂಗಳು ಇದ್ದ ಹಣ ಬೇರೆ ಎರಡು ವಸ್ತುಗಳಿಗೆ ಬೇಕಾಗಿತ್ತು: ಯುಪಿಎಸ್‌ಗೆ ಹೊಸ ಬ್ಯಾಟರಿ ಮತ್ತು ಪ್ರತಿ ತೆಗೆದಿಡಲು ಹೊರಗಿನ ಹಾರ್ಡ್‌ಡಿಸ್ಕ್. ಈ ಎರಡನ್ನು ಬಿಟ್ಟು ಎಸ್‌ಎಸ್‌ಡಿ ಕೊಳ್ಳಿರಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ದಾಖಲೆಗಳ ಎರಡನೆಯ ಪ್ರತಿಯೇ ಇಲ್ಲದ ಅಂಗಡಿಗೆ ವೇಗದ ಡಿಸ್ಕಿಗಿಂತ ಮೊದಲು ಬೇಕಾದದ್ದು ಆ ಪ್ರತಿ.

ಎರಡನೆಯದು, ಡಿಸ್ಕನ್ನು ಎಂಬಿಆರ್‌ನಿಂದ ಹೊಸ ಪಾರ್ಟಿಷನ್ ಪದ್ಧತಿಯಾದ ಜಿಪಿಟಿಗೆ ಬದಲಿಸುವುದು. ಜಿಪಿಟಿಯಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳವರೆಗೆ ಅವಕಾಶ ಕೊಡುತ್ತದೆ, ದತ್ತಾಂಶ ಕಳೆಯದೆ ಈ ಬದಲಾವಣೆ ಮಾಡುವ ಸಾಧನ ವಿಂಡೋಸ್ 10ರ 1703ನೇ ಆವೃತ್ತಿಯಿಂದ ಅದರೊಳಗೇ ಇದೆ. ಆದರೆ ಆ ಸಾಧನಕ್ಕೂ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಕೂಡದೆಂಬ ಷರತ್ತು ಇದೆ. ಹೇಗೂ 'ಇ'ಯನ್ನು ತೆರವು ಮಾಡಲೇಬೇಕು. ತೆರವು ಮಾಡಿದ ಮೇಲೂ ಬದಲಾವಣೆಯ ನಂತರ ವಿಂಡೋಸ್ ಚಾಲೂ ಆಗುವ ಕ್ರಮವೇ ಬೇರೆಯಾಗುತ್ತದೆ, ಬಯಾಸನ್ನು ಯುಇಎಫ್‌ಐಗೆ ತಿರುಗಿಸಬೇಕಾಗುತ್ತದೆ. ಎಂಬಿಆರ್‌ನ ಮಿತಿ 2 ಟಿಬಿ, ನಮ್ಮ ಡಿಸ್ಕ್ 1 ಟಿಬಿ. ಲಿನಕ್ಸ್ ಲಾಜಿಕಲ್ ಪಾರ್ಟಿಷನ್‌ನಿಂದಲೂ ಯಾವ ತಕರಾರಿಲ್ಲದೆ ಚಾಲೂ ಆಗುತ್ತದೆ. ಹೀಗಿರುವಾಗ ಸರಿಯಾಗಿ ನಡೆಯುತ್ತಿರುವ ವಿಂಡೋಸಿನ ಬುಡವನ್ನು ಅಲುಗಿಸುವುದು ಅನವಶ್ಯಕವೆಂದು ತೀರ್ಮಾನಿಸಿದೆ.

ಮೂರನೆಯದೇ ನಾವು ಹಿಡಿದ ದಾರಿ: 'ಇ'ಯಲ್ಲಿದ್ದುದನ್ನೆಲ್ಲ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಆ ಪಾರ್ಟಿಷನ್ ಅಳಿಸಿ, ಅದೇ ಜಾಗದಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಕಟ್ಟುವುದು. ದತ್ತಾಂಶವನ್ನು ಕದಲಿಸದೆ ಪ್ರೈಮರಿಯನ್ನು ಲಾಜಿಕಲ್ ಮಾಡುವ ಸಾಧನಗಳೂ ಇವೆ, ಆದರೆ ಹೇಗಿದ್ದರೂ ಪ್ರತಿ ತೆಗೆಯಲೇಬೇಕಾದ ಸಂದರ್ಭದಲ್ಲಿ ಅವುಗಳಿಂದ ಉಳಿಯುವ ಶ್ರಮ ಅತ್ಯಲ್ಪ.

ಸಿದ್ಧತೆ

ಯುಪಿಎಸ್‌ನ 12 ವೋಲ್ಟಿನ ಬ್ಯಾಟರಿ ಸತ್ತುಹೋಗಿತ್ತು, ಕರೆಂಟ್ ಹೋದ ಕ್ಷಣವೇ ಯಂತ್ರ ಆಫ್ ಆಗುತ್ತಿತ್ತು. ಬೇಸಿಗೆಯಲ್ಲಿ 42–43 ಡಿಗ್ರಿ ದಾಟುವ ಈ ಊರಿನಲ್ಲಿ, ತಗಡಿನ ಮಾಡಿನ ಅಂಗಡಿಯೊಳಗೆ ಯುಪಿಎಸ್ ಬ್ಯಾಟರಿಯ ಆಯುಷ್ಯ ಬೇಗ ಮುಗಿಯುತ್ತದೆ. ಪಾರ್ಟಿಷನ್ ಪಟ್ಟಿ ತಿದ್ದುವಾಗ ಅಥವಾ ಫೈಲ್ ವ್ಯವಸ್ಥೆಯನ್ನು ಬರೆಯುವಾಗ ವಿದ್ಯುತ್ ಕೈಕೊಟ್ಟರೆ ಆಗುವ ಹಾನಿ ಸಣ್ಣದಲ್ಲ. ಹೊಸ ಬ್ಯಾಟರಿ ಬಂದು, ಯುಪಿಎಸ್ ಲೋಡ್ ಹೊತ್ತು ನಿಲ್ಲುತ್ತದೆಂದು ಪ್ಲಗ್ ತೆಗೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟೆವು.

ಹಾರ್ಡ್‌ಡಿಸ್ಕಿನ ಆರೋಗ್ಯ ಪರೀಕ್ಷೆ ಅದರ ನಂತರದ್ದು. ಮಿಂಟ್‌ನ ಪೆನ್‌ಡ್ರೈವಿನಿಂದ ಸ್ಥಾಪಿಸದೆಯೇ ಯಂತ್ರವನ್ನು ಚಾಲೂ ಮಾಡಿ, 'ಡಿಸ್ಕ್ಸ್' ಎಂಬ ಸಾಧನದಲ್ಲಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ತೆರೆದರೆ ಕೆಟ್ಟು ಬದಲಾದ ಸೆಕ್ಟರುಗಳು ಮತ್ತು ಬದಲಾವಣೆಗೆ ಕಾದಿರುವ ಸೆಕ್ಟರುಗಳ ಸಂಖ್ಯೆ ಕಾಣುತ್ತದೆ. ಎರಡೂ ಸೊನ್ನೆ ಇದ್ದವು. ಅವು ಏರುತ್ತಿದ್ದರೆ ಈ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಡಿಸ್ಕ್ ಬದಲಿಸಲು ಹೇಳುತ್ತಿದ್ದೆ. ಇದೇ ನೇರ ಚಾಲನೆಯಲ್ಲಿ ಧ್ವನಿ, ನೆಟ್‌ವರ್ಕ್, ಪರದೆ, ಸ್ಕ್ಯಾನರ್ ಎಲ್ಲವೂ ಕೆಲಸ ಮಾಡುತ್ತವೆಯೇ ಎಂದೂ ನೋಡಿಕೊಂಡೆವು. ಸ್ಥಾಪಿಸುವ ಮೊದಲೇ ಯಂತ್ರದ ಮೇಲೆ ವ್ಯವಸ್ಥೆಯನ್ನು ಓಡಿಸಿ ನೋಡಬಹುದಾದ ಈ ಸೌಲಭ್ಯವನ್ನು ಜನ ಆತುರದಲ್ಲಿ ಬಿಟ್ಟುಬಿಡುತ್ತಾರೆ. ಇದಕ್ಕೆ ಅರ್ಧ ಗಂಟೆ ಕೊಟ್ಟರೆ ಮುಂದಿನ ಎಷ್ಟೋ ತೊಂದರೆಗಳು ಮೊದಲೇ ಗೊತ್ತಾಗುತ್ತವೆ.

'ಇ' ಡ್ರೈವಿನ ಸುಮಾರು 180 ಜಿಬಿ ದತ್ತಾಂಶ ಹೊರಗಿನ ಡಿಸ್ಕಿಗೆ ಹೋಯಿತು, ಜೊತೆಗೆ 'ಡಿ'ಯಲ್ಲಿದ್ದ ಟ್ಯಾಲಿಯ ದತ್ತಾಂಶ ಮತ್ತು ನುಡಿ ಕಡತಗಳ ಫೋಲ್ಡರುಗಳೂ ಹೋದವು. ಪ್ರತಿಯಾದ ಫೈಲುಗಳ ಸಂಖ್ಯೆ ಮತ್ತು ಗಾತ್ರ ತಾಳೆಯಾದರೆ ಸಾಲದು ಎಂದು ಬೇರೆ ಬೇರೆ ವರ್ಷಗಳ ಕೆಲವು ಕ್ರಯಪತ್ರ, ಕೆಲವು ಲಗ್ನಪತ್ರಿಕೆಗಳನ್ನು ಹೊರಗಿನ ಡಿಸ್ಕಿನಿಂದಲೇ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. 'ಸಿ'ಯ ಪೂರ್ಣ ಸಿಸ್ಟಂ ಇಮೇಜನ್ನೂ, ಡಿಸ್ಕಿನ ಮೊದಲ ಸೆಕ್ಟರಿನ ಪ್ರತಿಯನ್ನೂ ತೆಗೆದಿಟ್ಟೆವು.

ವಿಂಡೋಸಿನೊಳಗೆ ಒಂದೇ ಒಂದು ಬದಲಾವಣೆ ಅಗತ್ಯವಿತ್ತು: ಪವರ್ ಆಪ್ಷನ್ಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ತೆಗೆಯುವುದು. ಇದು ಚಾಲೂ ಇದ್ದಾಗ ವಿಂಡೋಸ್ 'ಶಟ್‌ಡೌನ್' ಮಾಡಿದರೂ ಪೂರ್ತಿಯಾಗಿ ಮುಚ್ಚುವುದಿಲ್ಲ, ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಅದೇ ಪಾರ್ಟಿಷನ್‌ಗೆ ಏನಾದರೂ ಬರೆದು, ಮರುದಿನ ವಿಂಡೋಸ್ ತನ್ನ ಹಳೆಯ ನೆನಪಿನೊಂದಿಗೆ ಎದ್ದರೆ ಫೈಲುಗಳು ಹಾಳಾಗುತ್ತವೆ. ಹಾಗಾಗದಿರಲೆಂದೇ ಲಿನಕ್ಸ್ ಅಂಥ ಪಾರ್ಟಿಷನ್‌ಗೆ ಬರೆಯಲು ಒಪ್ಪುವುದಿಲ್ಲ, ಓದಲಷ್ಟೇ ಬಿಡುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಎರಡೂ ವ್ಯವಸ್ಥೆಗಳು ಒಂದೇ ಡ್ರೈವಿನ ಕಡತಗಳನ್ನು ಹಂಚಿಕೊಳ್ಳಬೇಕಾದ ಅಂಗಡಿಯಲ್ಲಿ ಈ ಸೌಲಭ್ಯವನ್ನು ಆಫ್ ಮಾಡುವುದು ಕಡ್ಡಾಯ. ವಿಂಡೋಸ್ ಏಳುವುದು ಸ್ವಲ್ಪ ತಡವಾಗುತ್ತದೆ, ಅದನ್ನು ಮಾಲೀಕರಿಗೆ ಮೊದಲೇ ಹೇಳಿ ಒಪ್ಪಿಸಿದೆ. ಬಿಟ್‌ಲಾಕರ್ ಗೂಢಲಿಪಿ ಈ ಯಂತ್ರದಲ್ಲಿ ಇರಲಿಲ್ಲ. ಇದ್ದಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಡುವವರೆಗೆ ಡಿಸ್ಕನ್ನು ಮುಟ್ಟುತ್ತಿರಲಿಲ್ಲ.

ಸ್ಥಾಪನೆ

ಪೆನ್‌ಡ್ರೈವ್ ಹಾಕಿ ಎಫ್12 ಒತ್ತಿದಾಗ ಬಂದ ಪಟ್ಟಿಯಲ್ಲಿ ಅದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಇತ್ತು, ಒಂದರ ಮುಂದೆ 'ಯುಇಎಫ್‌ಐ' ಎಂಬ ಪದ ಸೇರಿತ್ತು. ಎರಡೂ ಒಂದೇ ಎಂದುಕೊಂಡು ಯಾವುದನ್ನೋ ಆರಿಸುವುದು ಈ ಹಂತದ ಸಾಮಾನ್ಯ ಎಡವಟ್ಟು. ವಿಂಡೋಸ್ ಲೆಗಸಿ ಪದ್ಧತಿಯಲ್ಲಿ ಇರುವುದರಿಂದ ಲಿನಕ್ಸ್ ಕೂಡ ಅದೇ ಪದ್ಧತಿಯಲ್ಲಿ ಸ್ಥಾಪನೆಯಾಗಬೇಕು. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಆದರೆ ಒಂದೇ ಆರಂಭ ಪಟ್ಟಿಯಿಂದ ಎರಡನ್ನೂ ತೆರೆಯಲಾಗುವುದಿಲ್ಲ, ಪ್ರತಿ ಸಲ ಬಯಾಸಿಗೆ ಹೋಗಿ ತಿರುಗಿಸುವ ಪಾಡು ಬರುತ್ತದೆ. ಆ ಪದವಿಲ್ಲದ ಹೆಸರನ್ನು ಆರಿಸಿದೆವು.

ಪಾರ್ಟಿಷನ್ ತಿದ್ದುವ ಸಾಧನವಾದ ಜಿಪಾರ್ಟೆಡ್ ತೆರೆದು ಹಳೆಯ 'ಇ'ಯನ್ನು ಅಳಿಸಿ, ಸಿಕ್ಕ ಒಟ್ಟು 365 ಜಿಬಿಯನ್ನು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿದೆವು. ಅದರೊಳಗೆ 245 ಜಿಬಿಯ, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್ ಹೊಸ 'ಇ' ಆಯಿತು. ಉಳಿದದ್ದರಲ್ಲಿ 40 ಜಿಬಿ ಲಿನಕ್ಸಿನ ಮೂಲ ವ್ಯವಸ್ಥೆಗೆ, 80 ಜಿಬಿ ಬಳಕೆದಾರರ 'ಹೋಮ್' ಭಾಗಕ್ಕೆ. ಹೋಮ್ ಬೇರೆಯಿದ್ದರೆ ನಾಳೆ ವ್ಯವಸ್ಥೆಯನ್ನು ಹೊಸದಾಗಿ ಹಾಕುವ ಪ್ರಸಂಗ ಬಂದರೂ ಕಡತಗಳು ಮತ್ತು ಹೊಂದಾಣಿಕೆಗಳು ಉಳಿಯುತ್ತವೆ. ಸ್ವಾಪ್‌ಗೆ (ರ್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಪ್ರತ್ಯೇಕ ಭಾಗ ಮಾಡಲಿಲ್ಲ, ಮಿಂಟ್ ಅದಕ್ಕೆ ಫೈಲನ್ನೇ ಬಳಸಿಕೊಳ್ಳುತ್ತದೆ. ಹೊಸ ಪಾರ್ಟಿಷನ್‌ಗಳಿಗೆ ಲಿನಕ್ಸ್ ಕೊಟ್ಟ ಹೆಸರು ಎಸ್‌ಡಿಎ5ರಿಂದ ಆರಂಭವಾದದ್ದನ್ನು ಕಂಡು ಹುಡುಗ, ನಾಲ್ಕನೆಯದರ ನಂತರ ಏನಾದರೂ ತಪ್ಪಿತೇ ಎಂದು ಕೇಳಿದ. 1ರಿಂದ 4ರವರೆಗಿನ ಸಂಖ್ಯೆಗಳು ಮೊದಲ ಸೆಕ್ಟರಿನ ಆ ನಾಲ್ಕು ನಮೂದುಗಳಿಗೆ ಮೀಸಲು, ಲಾಜಿಕಲ್ ಭಾಗಗಳ ಎಣಿಕೆ ಯಾವಾಗಲೂ 5ರಿಂದಲೇ.

ಸ್ಥಾಪಕ ತಂತ್ರಾಂಶದಲ್ಲಿ ಕೈಯಾರೆ ನಿರ್ಧರಿಸುವ ಆಯ್ಕೆಗೆ ಹೋಗಿ ಎರಡು ಲಿನಕ್ಸ್ ಭಾಗಗಳನ್ನು ತೋರಿಸಿದೆವು, ಗ್ರಬ್ ಎಂಬ ಆರಂಭ ತಂತ್ರಾಂಶವನ್ನು ಡಿಸ್ಕಿನ ಮೊದಲಿಗೇ ಹಾಕಲು ಹೇಳಿದೆವು. 'ಸ್ಥಾಪಿಸಿ' ಎಂಬ ಗುಂಡಿ ಒತ್ತುವ ಮುನ್ನ ಯಾವ ಯಾವ ಭಾಗ ಫಾರ್ಮ್ಯಾಟ್ ಆಗಲಿದೆ ಎಂಬ ಸಾರಾಂಶ ಬರುತ್ತದೆ. ಅದರಲ್ಲಿ ಆ ಎರಡನ್ನು ಬಿಟ್ಟು ಬೇರೆ ಹೆಸರಿಲ್ಲವೆಂದು ಮಾಲೀಕರಿಂದಲೇ ಗಟ್ಟಿಯಾಗಿ ಓದಿಸಿದೆ. ಮುಂದಿನ ಭಾಗದಲ್ಲಿ ಹೇಳುವಂಥದ್ದೇನೂ ಇಲ್ಲ, ಅದು ತಾನಾಗಿ ನಡೆದು ಮುಗಿಯಿತು.

ಮರುಚಾಲನೆಯಾದಾಗ ಗ್ರಬ್ ಪಟ್ಟಿಯಲ್ಲಿ ಮಿಂಟ್ ಮೇಲೆ, ವಿಂಡೋಸ್ 10 ಕೆಳಗೆ ಇದ್ದವು. ವಿಂಡೋಸಿನ ಮುಂದೆ ಎಸ್‌ಡಿಎ1 ಎಂದು ಬರೆದಿತ್ತು. 'ಸಿ' ಡ್ರೈವ್ ಎಸ್‌ಡಿಎ2 ಆಗಿದ್ದರೂ ಇದು ಸರಿಯೇ, ಏಕೆಂದರೆ ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದು ಸಿಸ್ಟಂ ರಿಸರ್ವ್ಡ್ ಭಾಗದಲ್ಲಿ. ಬೆಳಗ್ಗೆ ಅಂಗಡಿ ತೆರೆಯುವ ಕೆಲಸದವಳು ಪಟ್ಟಿಯನ್ನು ಮುಟ್ಟದಿದ್ದರೂ ವಿಂಡೋಸೇ ತೆರೆಯುವಂತೆ ಗ್ರಬ್‌ನಲ್ಲಿ ಹೊಂದಿಸಿ, ಕಾಯುವ ಸಮಯವನ್ನು 10 ಸೆಕೆಂಡಿಗೆ ಇರಿಸಿದೆ. ವಿಂಡೋಸಿಗೆ ಹೋಗಿ ಹೊಸ ಭಾಗಕ್ಕೆ 'ಇ' ಎಂಬ ಅಕ್ಷರವನ್ನೇ ಕೊಟ್ಟು, ದತ್ತಾಂಶವನ್ನು ಹಿಂದಕ್ಕೆ ತುಂಬಿದ ಮೇಲೆ ಡೆಸ್ಕ್‌ಟಾಪಿನ ಹಳೆಯ ಶಾರ್ಟ್‌ಕಟ್‌ಗಳು ಮೊದಲಿನಂತೆಯೇ ತೆರೆದವು. ಹಳೆಯದು ಹಾಗೆಯೇ ಇರಬೇಕು ಎಂದರೆ ಬಳಸುವವರ ಕಣ್ಣಿಗೆ ಹಾಗೆಯೇ ಕಾಣಬೇಕು ಎಂದೂ ಅರ್ಥ. ಅಕ್ಷರ 'ಎಫ್' ಆಗಿದ್ದರೆ ಅಂಗಡಿಯವರ ಪಾಲಿಗೆ ಕಡತಗಳು ಕಳೆದುಹೋದಂತೆಯೇ ಆಗುತ್ತಿತ್ತು.

ಐದೂವರೆ ಗಂಟೆಯ ವ್ಯತ್ಯಾಸ

ಮರುದಿನ ಬಂದ ದೂರು ಗಡಿಯಾರದ್ದು. ಬೆಳಗ್ಗೆ ಹತ್ತೂವರೆಗೆ ವಿಂಡೋಸ್ ತೆರೆದಾಗ ಸಮಯ ಐದು ಗಂಟೆ ಎಂದು ತೋರಿಸುತ್ತಿತ್ತು. ಬಯಾಸಿನ ಸಿಆರ್2032 ಬ್ಯಾಟರಿ ಮುಗಿದಿರಬೇಕೆಂದು ಮಾಲೀಕರು ಹೊಸದನ್ನು ತಂದಿಟ್ಟಿದ್ದರು. ಆದರೆ ಬ್ಯಾಟರಿ ಸತ್ತರೆ ಸಮಯದ ಜೊತೆಗೆ ದಿನಾಂಕವೂ ಎಲ್ಲೋ ಹಳೆಯ ವರ್ಷಕ್ಕೆ ಹೋಗುತ್ತದೆ. ಇಲ್ಲಿ ದಿನಾಂಕ ಸರಿಯಿತ್ತು, ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದರಲ್ಲಿ ಜಾಗತಿಕ ಸಮಯವಾದ ಯುಟಿಸಿಯನ್ನು ಬರೆದಿಡುತ್ತದೆ. ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಲಿನಕ್ಸ್ ಬಳಸಿ ವಿಂಡೋಸಿಗೆ ಹೋದಾಗಲೆಲ್ಲ ಅಷ್ಟು ಹಿಂದೆ ಬೀಳುತ್ತದೆ. ಪರಿಹಾರ ಎರಡರಲ್ಲಿ ಯಾವ ಕಡೆಗಾದರೂ ಮಾಡಬಹುದು. ವಿಂಡೋಸನ್ನು ಆದಷ್ಟು ಮುಟ್ಟಬಾರದೆಂಬ ನಿಯಮವನ್ನು ಇಲ್ಲಿಯೂ ಪಾಲಿಸಿ, ಲಿನಕ್ಸೇ ಸ್ಥಳೀಯ ಸಮಯವನ್ನು ಬಳಸುವಂತೆ ಒಂದು ಆದೇಶದಿಂದ ಬದಲಿಸಿದೆ. ನಮ್ಮ ದೇಶದಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ ಇದರಿಂದ ತೊಡಕು ಬರುವ ಸಂಭವ ಕಡಿಮೆ. ತಂದಿದ್ದ ಬ್ಯಾಟರಿಯನ್ನೂ ಹಾಕಿಯೇ ಬಂದೆ, ಹಳೆಯದಕ್ಕೆ ಸಾಕಷ್ಟು ವಯಸ್ಸಾಗಿತ್ತು.

ಕನ್ನಡದ ಕೀಲಿಮಣೆ, ಗಿರಾಕಿಗಳ ಪೆನ್‌ಡ್ರೈವ್

ಟೈಪ್ ಮಾಡುವವಳ ಬೆರಳುಗಳಿಗೆ ರೂಢಿಯಾಗಿರುವುದು ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ. ಅದೇ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಸೇರಿಸಿದ ಮೇಲೆ, ಒತ್ತಕ್ಷರಕ್ಕೆ ನಡುವೆ 'ಎಫ್' ಕೀಲಿ ಒತ್ತುವ ಅದೇ ಅಭ್ಯಾಸದಿಂದ ಅವಳು ಲಿಬ್ರೆಆಫೀಸಿನಲ್ಲಿ ನೇರವಾಗಿ ಯೂನಿಕೋಡ್ ಕನ್ನಡ ಬರೆಯತೊಡಗಿದಳು. ಲೋಹಿತ್, ಗುಬ್ಬಿ, ನವಿಲು ಮತ್ತು ನೋಟೋ ಕನ್ನಡ ಫಾಂಟುಗಳನ್ನು ಹಾಕಿದೆವು. ಉರ್ದುವಿಗೆ ಉರ್ದು ಕೀಲಿಮಣೆ ಮತ್ತು ನೋಟೋ ನಸ್ತಾಲಿಕ್ ಸೇರಿಸಿದೆವು. ಆದರೆ ಲಗ್ನಪತ್ರಿಕೆಯ ಅಲಂಕಾರಿಕ ಉರ್ದು ಇನ್ನೂ ಇನ್‌ಪೇಜ್‌ನಲ್ಲಿಯೇ ಆಗುತ್ತಿದೆ. ಹೊಸ ಅರ್ಜಿಗಳು ಯೂನಿಕೋಡ್‌ನಲ್ಲಿ ಆಗುತ್ತಿರುವುದು ನನ್ನ ಮಟ್ಟಿಗೆ ಈ ಕೆಲಸದ ದೊಡ್ಡ ಸಮಾಧಾನ. ಆ ಕಡತಗಳಲ್ಲಿ ಗಿರಾಕಿಯ ಹೆಸರನ್ನೋ ಊರಿನ ಹೆಸರನ್ನೋ ಹಾಕಿ ಹುಡುಕಿದರೆ ಸಿಗುತ್ತದೆ, ಯಾವ ಯಂತ್ರದಲ್ಲಿ ತೆರೆದರೂ ಅದು ಕನ್ನಡವಾಗಿಯೇ ಇರುತ್ತದೆ.

ಗಿರಾಕಿಗಳ ಪೆನ್‌ಡ್ರೈವುಗಳಿಗೆ ಬರುತ್ತೇನೆ. ಸೈಬರ್ ಕೆಫೆಯಿಂದ ಕಾಲೇಜಿಗೆ, ಕಾಲೇಜಿನಿಂದ ಟೈಪಿಂಗ್ ಅಂಗಡಿಗೆ ತಿರುಗುವ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಇಡುವ ವೈರಸ್ ಇನ್ನೂ ಕಾಣಸಿಗುತ್ತದೆ. ವಿಂಡೋಸಿನಲ್ಲಿ ಆ ಶಾರ್ಟ್‌ಕಟ್ ಮೇಲೆ ಒತ್ತಿದರೆ ಯಂತ್ರಕ್ಕೂ ಸೋಂಕು ತಗಲುತ್ತದೆ. ಲಿನಕ್ಸಿನಲ್ಲಿ ತೆರೆದಾಗ ಆ ಶಾರ್ಟ್‌ಕಟ್ ಬರಿಯ ಒಂದು ಸಣ್ಣ ಫೈಲ್ ಆಗಿ ಬಿದ್ದಿರುತ್ತದೆ. ಅದರ ಪಕ್ಕದಲ್ಲಿಯೇ ವಿಂಡೋಸ್ ಮರೆಮಾಡಿದ್ದ ನಿಜವಾದ ಫೋಲ್ಡರ್ ಕಾಣುತ್ತದೆ, ಕೆಲವೊಮ್ಮೆ ಅದಕ್ಕೆ ಹೆಸರೇ ಇರುವುದಿಲ್ಲ, ಖಾಲಿ ಜಾಗದ ಒಂದು ಅಕ್ಷರವಷ್ಟೇ ಹೆಸರಾಗಿರುತ್ತದೆ. ವಿದ್ಯಾರ್ಥಿಯೊಬ್ಬಳು ತನ್ನ ಪ್ರಾಜೆಕ್ಟ್ ವರದಿ ಅಳಿಸಿಹೋಯಿತೆಂದು ಕಣ್ಣೀರು ತುಂಬಿಕೊಂಡು ತಂದಿದ್ದ ಪೆನ್‌ಡ್ರೈವಿನಿಂದ ಹೀಗೆಯೇ ಪೂರ್ಣ ವರದಿ ಸಿಕ್ಕಿತು. ಈಗ ಅಂಗಡಿಯಲ್ಲಿ ಹೊರಗಿನ ಪೆನ್‌ಡ್ರೈವನ್ನು ಲಿನಕ್ಸಿನಲ್ಲಿಯೇ ಮೊದಲು ತೆರೆದು, ಬೇಕಾದ ಕಡತವನ್ನಷ್ಟೇ 'ಇ'ಗೆ ಪ್ರತಿ ಮಾಡಿಕೊಳ್ಳುವ ಪದ್ಧತಿ ಬಂದಿದೆ. ವರ್ಡ್ ಕಡತದೊಳಗೇ ಮ್ಯಾಕ್ರೋ ರೂಪದ ಸೋಂಕು ಇದ್ದರೆ ಅದು ಕಡತದ ಜೊತೆಗೇ ಬರುತ್ತದೆ. ಆದ್ದರಿಂದ ವಿಂಡೋಸಿನ ಆಂಟಿವೈರಸ್ ಅನ್ನು ತೆಗೆಯಕೂಡದೆಂದು ಸ್ಪಷ್ಟವಾಗಿ ಹೇಳಿದ್ದೇನೆ.

ಉಳಿದಿರುವುದು

ಅಂಗಡಿಯ ಹಳೆಯ ಲೇಸರ್ ಪ್ರಿಂಟರ್ ಲಿನಕ್ಸಿನಲ್ಲಿ ನೆಟ್ಟಗೆ ಕೆಲಸ ಮಾಡಲಿಲ್ಲ. ಅದಕ್ಕೆ ಬೇಕಾದ ಚಾಲಕ ತಂತ್ರಾಂಶವನ್ನು ಹಾಕಿದರೂ ಮೊದಲ ಪುಟದ ನಂತರ ಮುದ್ರಣ ನಿಲ್ಲುತ್ತಿತ್ತು. ಗಿರಾಕಿ ಎದುರಿಗೆ ನಿಂತಿರುವಾಗ ಅಂಥ ಅನಿಶ್ಚಿತತೆ ನಡೆಯದು. ಸದ್ಯಕ್ಕೆ ಲಿನಕ್ಸಿನಲ್ಲಿ ಸಿದ್ಧವಾದದ್ದನ್ನು ಪಿಡಿಎಫ್ ಮಾಡಿ 'ಇ'ಯಲ್ಲಿಟ್ಟು, ವಿಂಡೋಸಿಗೆ ಬಂದು ಮುದ್ರಿಸುತ್ತಾರೆ. ಹೀಗೆ ಅತ್ತಿತ್ತ ಹೋಗುವ ಪ್ರತಿ ಸಲ ಯಂತ್ರವನ್ನು ಮರುಚಾಲನೆ ಮಾಡಬೇಕಾಗುವುದು, ಅದೂ ಹಳೆಯ ಹಾರ್ಡ್‌ಡಿಸ್ಕಿನ ವೇಗದಲ್ಲಿ, ಈ ವ್ಯವಸ್ಥೆಯ ನಿಜವಾದ ಕೊರತೆ. ಆದ್ದರಿಂದ ದಿನವನ್ನೇ ಹಂಚಿಕೊಂಡಿದ್ದಾರೆ: ಕೋರ್ಟಿನ ಕೆಲಸವಿರುವ ಬೆಳಗಿನ ಹೊತ್ತು ವಿಂಡೋಸ್, ಅರ್ಜಿ ಮತ್ತು ಇಮೇಲ್ ಕೆಲಸದ ಮಧ್ಯಾಹ್ನ ಲಿನಕ್ಸ್.

ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಮದುವೆಯ ಸೀಸನ್ ಮುಗಿದ ಮೇಲೆ ಎಸ್‌ಎಸ್‌ಡಿ ಕೊಳ್ಳುವುದಾಗಿ ಮಾಲೀಕರು ಹೇಳಿದ್ದಾರೆ. ಆಗ ಲಿನಕ್ಸನ್ನು ಅದಕ್ಕೆ ಸಾಗಿಸಿ, ಹಾರ್ಡ್‌ಡಿಸ್ಕಿನ ಮೊದಲ ಸೆಕ್ಟರಿಗೆ ವಿಂಡೋಸಿನ ಆರಂಭ ಸಂಕೇತವನ್ನು ಮರಳಿ ಬರೆಯುವುದು ನನ್ನ ಯೋಜನೆ. ತೆಗೆದಿಟ್ಟಿರುವ ಪ್ರತಿಯಿಂದ ಮೊದಲ 446 ಬೈಟುಗಳನ್ನಷ್ಟೇ ಬರೆಯಬೇಕು, ಏಕೆಂದರೆ ಅದರ ನಂತರದ 64 ಬೈಟುಗಳಲ್ಲಿರುವುದು ಈಗ ಅಸ್ತಿತ್ವದಲ್ಲಿಲ್ಲದ ಹಳೆಯ ಪಾರ್ಟಿಷನ್ ಪಟ್ಟಿ. ಈ ಸೂಚನೆಯನ್ನು ಬರೆದ ಚೀಟಿಯನ್ನು ಮಿಂಟ್‌ನ ಪೆನ್‌ಡ್ರೈವಿನ ಜೊತೆ ಅಂಗಡಿಯ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇವೆ, ಆ ಕೆಲಸಕ್ಕೆ ನಾನೇ ಬರುತ್ತೇನೋ ಬೇರೆ ಯಾರಾದರೂ ಬರುತ್ತಾರೋ ಎಂಬುದು ಗೊತ್ತಿಲ್ಲದ ಕಾರಣ.